ಒಂದೇ ಊರು, ಎಂಟು ದಿನ: ಆಲ್ಪ್ಸ್‌ನಲ್ಲಿ ಹಿರಿಯರನ್ನು ನಡೆಸಿದ ಬಗೆ

ಸ್ವಿಟ್ಜರ್ಲೆಂಡಿಗೆ ಬಂದವರನ್ನು ಎಂಟು ದಿನ ಒಂದೇ ಊರಿನಲ್ಲಿ ಉಳಿಸಿಕೊಂಡರೆ ಯಾರು ದುಡ್ಡು ಕೊಡುತ್ತಾರೆ ಎಂದು ನನ್ನ ಪ್ರವಾಸದ ಯೋಜನೆ ಕೇಳಿದ ಬೆಂಗಳೂರಿನ ಟ್ರಾವೆಲ್ ಏಜೆಂಟರೆಲ್ಲ ತಲೆಯಾಡಿಸಿದ್ದರು. ಎಲ್ಲರೂ ನೋಡಲು ಹೋಗುವ ಯುಂಗ್‌ಫ್ರೌ, ಟಿಟ್ಲಿಸ್ ಶಿಖರಗಳೇ ಇಲ್ಲದ ಪ್ರವಾಸವನ್ನು ಜನರಿಗೆ ಏನೆಂದು ಹೇಳಿ ಮಾರುವುದು? ಈಗ ನನ್ನ ಜೂನ್ ಮತ್ತು ಸೆಪ್ಟೆಂಬರ್ ತಂಡಗಳು ಯುಗಾದಿಗೆ ಮೊದಲೇ ತುಂಬುತ್ತವೆ. ಬರುವವರಲ್ಲಿ ಹೆಚ್ಚಿನವರು ಅರವತ್ತು ದಾಟಿದವರು.

ನಮ್ಮ ಬಿಡಾರ ವಾಲೆ ಪ್ರಾಂತ್ಯದ ಲಾಯ್ಕರ್‌ಬಾದ್. ಸುಮಾರು 1,400 ಮೀಟರ್ ಎತ್ತರದ ಊರು; ಅಲ್ಲಿ 51 ಡಿಗ್ರಿ ಬಿಸಿಯ ಚಿಲುಮೆಗಳಿವೆ. ಮೊದಲ ಬೇಸಿಗೆಯಲ್ಲಿ ಎಲ್ಲರೂ ಮಾಡುವಂತೆ ಕೇಬಲ್ ಕಾರಿನಲ್ಲಿ ಗೆಮ್ಮಿ ಘಾಟಿಗೆ ಹತ್ತಿಸಿ, ಬಂಡೆಯಲ್ಲಿ ಕಡಿದ ಹಳೆಯ ಹೇಸರಗತ್ತೆ ದಾರಿಯಲ್ಲಿ ಕಾಲ್ನಡಿಗೆಯಿಂದ ಇಳಿಸುತ್ತಿದ್ದೆವು. ಒಂಬೈನೂರು ಮೀಟರ್ ಇಳಿಜಾರಿಗೆ ಮಂಡಿಗಳು ತಡೆಯಲಿಲ್ಲ. ಮರುದಿನ ಅರ್ಧ ತಂಡ ಕೋಣೆ ಬಿಟ್ಟು ಏಳಲಿಲ್ಲ. ಅದೇ ಬೇಸಿಗೆಯಲ್ಲಿ ಕೆಲವರಿಗೆ ವೀಸಾ ತಡವಾಗಿ, ಮುಂಗಡ ಕೊಟ್ಟ ಕೋಣೆಗಳು ಖಾಲಿ ಉಳಿದವು. ಆರು ಲಕ್ಷದಷ್ಟು ಕೈಬಿಟ್ಟಿತು. ಅಲ್ಲಿನ ಹಣ ಫ್ರಾಂಕ್ ಬೇರೆ, ನಾನು ಲೆಕ್ಕ ಹಾಕಿದಾಗ ಎಪ್ಪತ್ತು ರೂಪಾಯಿ ಇದ್ದದ್ದು ನೂರರ ಹತ್ತಿರ ಬಂತು. ಈಗ ಫ್ರಾಂಕಿನಲ್ಲೇ ಬೆಲೆ ಹೇಳುತ್ತೇನೆ.

ದಾರಿ ತೋರಿಸಿದ್ದು ಬಿಸ್‌ಗಳು, ಅಂದರೆ ಹಿಮನದಿಯ ನೀರನ್ನು ಹೊಲ, ಹುಲ್ಲುಗಾವಲು, ದ್ರಾಕ್ಷಿತೋಟಗಳಿಗೆ ಒಯ್ಯುವ ಹಳೆಯ ಕಾಲುವೆಗಳು. ಎತ್ತರದ ಬೆಟ್ಟಗಳು ಮಳೆಯನ್ನು ತಡೆಯುವುದರಿಂದ ಕಣಿವೆಯ ತಳದಲ್ಲಿ ವರ್ಷಕ್ಕೆ 600 ಮಿಲಿಮೀಟರಿನಷ್ಟೇ ಬೀಳುತ್ತದೆ. ಕಾಲುವೆ ಇಲ್ಲದೆ ಬದುಕಿಲ್ಲ. ನೀರು ನಿಧಾನವಾಗಿ ಹರಿಯಬೇಕಾದ್ದರಿಂದ ಪಕ್ಕದ ಕಾಲುದಾರಿಯೂ ಬಹುಮಟ್ಟಿಗೆ ಸಮತಟ್ಟು. ಎಪ್ಪತ್ತರ ಹಿರಿಯರು ಮೂರು ಗಂಟೆ ನಡೆದರೂ ಮಂಡಿ ಹಿಡಿದುಕೊಳ್ಳುವುದಿಲ್ಲ. ಬಂಡೆಗೆ ನೀರು ಹರಿಯುವ ಮರದ ದೋಣಿ ತೂಗುಹಾಕಿದ ಅಯಾಂತ್ ಬಿಸ್‌ನ ಚಿತ್ರ ಈಗಿನ 100 ಫ್ರಾಂಕ್ ನೋಟಿನ ಮೇಲಿದೆ. ನೋಟನ್ನು ಕೈಗೆ ಕೊಟ್ಟು ಅಲ್ಲಿಗೇ ಕರೆದೊಯ್ಯುತ್ತೇನೆ. ತಲೆಸುತ್ತು ಇರುವವರನ್ನು ರೋ ಬಿಸ್‌ಗೆ ಮಾತ್ರ ಒಯ್ಯಬೇಡಿ, ಅಲ್ಲಿ ಕೆಳಗೆ ಪ್ರಪಾತ. ಮೂರನೇ ದಿನ ನಾನು ಹಿಡಿಯುವ ಕಾಲುವೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಹುಡುಕಲು ನನಗೆ ಒಂದು ಬೇಸಿಗೆಯೇ ಹಿಡಿಯಿತು.

ನೀರಿನ ಸರದಿಯನ್ನು ಇಲ್ಲಿನವರು ಮರದ ತುಂಡುಗಳಲ್ಲಿ ಗೀರಿ ಇಟ್ಟುಕೊಳ್ಳುತ್ತಿದ್ದರು. ಕಾಲುವೆಯ ನೀರೇ ಚಕ್ರ ತಿರುಗಿಸಿ ಸುತ್ತಿಗೆ ಬಡಿಯುತ್ತಿತ್ತು. ಸದ್ದು ನಿಂತರೆ ಮೇಲೆಲ್ಲೋ ಕಟ್ಟಿಕೊಂಡಿದೆ ಎಂದು ಕಾವಲುಗಾರನಿಗೆ ತಿಳಿಯುತ್ತಿತ್ತು. ಇದನ್ನು ವಿವರಿಸುತ್ತಿದ್ದಾಗ ತುಮಕೂರು ಕಡೆಯ ಹಿರಿಯರೊಬ್ಬರು, ‘ನಮ್ಮಪ್ಪ ಕೆರೆಯ ನೀರುಗಂಟಿಯಾಗಿದ್ದರು, ಈ ಕೆಲಸ ನನಗೆ ಗೊತ್ತು’ ಎಂದು ಮಾತು ತೆಗೆದುಕೊಂಡರು. ಆಮೇಲೆ ಅರ್ಧ ಗಂಟೆ ತೂಬು, ಸರದಿ, ರಾತ್ರಿಯ ಜಗಳಗಳ ಬಗ್ಗೆ ಅವರೇ ಮಾತಾಡಿದರು. ಅಂದಿನಿಂದ ಪ್ರತಿ ತಂಡದಲ್ಲೂ ಕೆರೆ ಬಯಲಿನ ಒಬ್ಬರಾದರೂ ಇರುವಂತೆ ನೋಡಿಕೊಳ್ಳುತ್ತೇನೆ. 2023ರಲ್ಲಿ ಯುನೆಸ್ಕೊ ಈ ನೀರಾವರಿ ಪದ್ಧತಿಯನ್ನು ಪಾರಂಪರಿಕ ಪಟ್ಟಿಗೆ ಸೇರಿಸಿದ ಮೇಲೆ, ತಲೆಯಾಡಿಸಿದ್ದ ಏಜೆಂಟರಲ್ಲೇ ಇಬ್ಬರು ಫೋನ್ ಮಾಡಿದರು.

ಸಂಜೆ ಬಿಸಿನೀರಿನ ಕೊಳ. ಈಜುಡುಪಿಗೆ ಹಿಂಜರಿಯುವ ಹೆಂಗಸರಿಗೆ ಮೈ ಮುಚ್ಚುವ ಉಡುಪನ್ನು ಬೆಂಗಳೂರಿನಲ್ಲೇ ಕೊಳ್ಳಿಸಿ, ಕೊಳದವರ ಒಪ್ಪಿಗೆಯನ್ನು ಮೊದಲೇ ಪಡೆಯುತ್ತೇನೆ. ಇಪ್ಪತ್ತು ನಿಮಿಷ ನೀರಿನಲ್ಲಿ, ಅಷ್ಟೇ ಹೊತ್ತು ಮಲಗಿ ವಿಶ್ರಾಂತಿ. ರಕ್ತದೊತ್ತಡದವರು ವೈದ್ಯರನ್ನು ಕೇಳಿಯೇ ಬರಬೇಕು.

ಊಟವೇ ದೊಡ್ಡ ಖರ್ಚು. ಹೋಟೆಲ್ ಬಿಟ್ಟು ಅಡುಗೆಮನೆಯಿರುವ ಫ್ಲ್ಯಾಟ್ ಹಿಡಿದ ಮೇಲೆ ತಲೆಗೆ ದಿನಕ್ಕೆ ನಲವತ್ತು ಫ್ರಾಂಕಿನಷ್ಟು ಉಳಿಯಿತು. ನೀರು ಇಲ್ಲಿ 95 ಡಿಗ್ರಿಗೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ಬೇಳೆ ಬೇಯಲು ಹೆಚ್ಚು ಹೊತ್ತು ಹಿಡಿಯುತ್ತದೆ. ಕುಕ್ಕರ್ ನನ್ನ ಸಾಮಾನಿನ ಮೊದಲ ವಸ್ತು. ಭಾರತದಿಂದ ತುಪ್ಪ ತರಲು ಸುಂಕದವರು ಬಿಡುವುದಿಲ್ಲ. ಬೆಟ್ಟದ ಮೇಲಿನ ಹುಲ್ಲು ಮೇಯ್ದ ಹಸುಗಳ ಬೆಣ್ಣೆಯನ್ನು ಕಾಯಿಸಿ ನೋಡಿದೆ. ಜುಲೈ ಬೆಣ್ಣೆಯ ತುಪ್ಪ ಹಳದಿಯಾಗಿ ಘಮಘಮಿಸುತ್ತದೆ, ಚಳಿಗಾಲದ್ದು ಸಪ್ಪೆ. ಸಾಂಪ್ರದಾಯಿಕ ಚೀಸ್‌ಗೆ ಹಾಲು ಹೆಪ್ಪುಗಟ್ಟಿಸಲು ಕರುವಿನ ಜಠರದಿಂದ ತೆಗೆದ ರೆನೆಟ್ ಹಾಕುತ್ತಾರೆಂದು ಸಸ್ಯಾಹಾರಿಗಳಿಗೆ ಮೊದಲ ದಿನವೇ ಹೇಳಿಬಿಡಿ.

ತಂಡ ಎಂಟರಿಂದ ಹತ್ತು ಜನ. ವಿಮಾನ ಬಿಟ್ಟು ತಲೆಗೆ 2,400 ಫ್ರಾಂಕಿನ ಆಸುಪಾಸು ತೆಗೆದುಕೊಳ್ಳುತ್ತೇನೆ. ನನಗೆ ಉಳಿಯುವುದು ಮುನ್ನೂರು. ಮುಂದಿನ ಅಕ್ಟೋಬರಿನಲ್ಲಿ ಲಾರ್ಚ್ ಮರಗಳು ಹೊನ್ನಬಣ್ಣಕ್ಕೆ ತಿರುಗುವಾಗ ಒಂದು ಸಣ್ಣ ತಂಡ ಕಟ್ಟುತ್ತಿದ್ದೇನೆ. ಆಗ ಕೋಣೆ ಅಗ್ಗ, ಆದರೆ ಕೆಲವು ಬಿಸ್‌ಗಳ ನೀರು ನಿಲ್ಲಿಸಿರುತ್ತಾರೆ. ನೀರಿಲ್ಲದ ಕಾಲುವೆಯ ಪಕ್ಕ ನಡೆಯಲು ನಮ್ಮವರು ಒಪ್ಪುವರೇ ಎಂಬುದನ್ನು ನೋಡಬೇಕು.