ಬಿಸಿಲು ಏರುವ ಮೊದಲು: ಮರಳುಗಾಡಿನ ನಮ್ಮ ಮನೆಗೆ ಸ್ಪ್ರೇ ಫೋಮ್ ಹೊಡೆದ ಅನುಭವ

ರಾತ್ರಿ ಹನ್ನೊಂದಾದರೂ ನಮ್ಮ ಮನೆಯ ಸೀಲಿಂಗಿನ ಬಿಸಿ ಆರುತ್ತಿರಲಿಲ್ಲ. ಮಂಚದ ಮೇಲೆ ನಿಂತು ಅಂಗೈ ಇಟ್ಟರೆ ಜ್ವರ ಬಂದವರ ಹಣೆ ಮುಟ್ಟಿದ ಹಾಗಿರುತ್ತಿತ್ತು. ಹೊರಗೆ ಹೋದರೆ ಮರಳು ಆಗಲೇ ತಣ್ಣಗಾಗಿರುತ್ತಿತ್ತು, ಗಾಳಿಯೂ ಹಿತವಾಗಿರುತ್ತಿತ್ತು. ಒಳಗೆ ಮಾತ್ರ ಧಗೆ. ಪಶ್ಚಿಮದ ಕೋಣೆಯಲ್ಲಿ ಮಲಗುವ ಅಮ್ಮ ನಡುರಾತ್ರಿ ಎದ್ದು, ಹಾಸಿಗೆ ಸುತ್ತಿಕೊಂಡು ಅಂಗಳಕ್ಕೆ ಹೋಗಿಬಿಡುತ್ತಿದ್ದರು.

ಬಿಸಿ ತಡೆಯಲು ಬೇರೆಯವರ ಮನೆಗಳಿಗೆ ಫೋಮ್ ಹೊಡೆಯುವುದು ನನ್ನ ಕೆಲಸ. ಗನ್ನಿನಿಂದ ದ್ರವವಾಗಿ ಹೊಡೆದರೆ ನೊರೆಯ ಹಾಗೆ ಉಬ್ಬಿ ಗಟ್ಟಿಯಾಗುವ ಪದರ ಅದು. ಮೆಷಿನ್, ಪೈಪು, ಗನ್ನು ಎಲ್ಲ ಕೈಯಲ್ಲಿತ್ತು. ಹಾಗಾಗಿ ಒಂದು ಬೇಸಿಗೆ ಮುಗಿಯುವ ಹೊತ್ತಿಗೆ ನಮ್ಮ ಮನೆಯದನ್ನೂ ಮಾಡಿಬಿಡೋಣ ಅಂತ ನಿರ್ಧರಿಸಿದೆ. ಈ ಕೆಲಸದಲ್ಲಿ ಯಾವ ಫೋಮ್, ಎಷ್ಟು ದಪ್ಪ ಅನ್ನುವುದನ್ನು ಎಲ್ಲರೂ ಕೇಳುತ್ತಾರೆ. ಯಾವ ಹೊತ್ತಿನಲ್ಲಿ ಹೊಡೆಯುತ್ತೀರಿ ಅಂತ ಯಾರೂ ಕೇಳುವುದಿಲ್ಲ. ಮರಳುಗಾಡಿನಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಅದೇ.

ಮೊದಲು ಬಿಸಿ ಎಲ್ಲಿಂದ ಬರುತ್ತದೆ ಅಂತ ನೋಡಬೇಕು. ನಮ್ಮದು ಸಮತಟ್ಟಾದ ಕಾಂಕ್ರೀಟ್ ತಾರಸಿ. ಮಧ್ಯಾಹ್ನ ಅದರ ಮೇಲ್ಮೈಗೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದರೆ 64 ಡಿಗ್ರಿ ತೋರಿಸುತ್ತಿತ್ತು. ಆ ಬಿಸಿ ಸ್ಲ್ಯಾಬಿನೊಳಗೆ ನಿಧಾನವಾಗಿ ಇಳಿಯುತ್ತದೆ. ಕೆಳಗೆ ಬಂದು ತಲುಪುವಷ್ಟರಲ್ಲಿ ಸಂಜೆ ಆಗಿರುತ್ತದೆ. ಹಗಲೆಲ್ಲ ಕುಡಿದ ಬಿಸಿಯನ್ನು ರಾತ್ರಿ ನಮ್ಮ ತಲೆ ಮೇಲೆ ಸುರಿಯುತ್ತದೆ. ಅದಕ್ಕೇ ಫೋಮನ್ನು ಸ್ಲ್ಯಾಬಿನ ಕೆಳಗಲ್ಲ, ಮೇಲೆ ಹಾಕಬೇಕು. ಕೆಳಗೆ ಹಾಕಿದರೆ ಕೋಣೆ ತಂಪಾಗುತ್ತದೆ ನಿಜ, ಆದರೆ ಸ್ಲ್ಯಾಬ್ ಮೊದಲಿನ ಹಾಗೇ ಬೇಯುತ್ತಿರುತ್ತದೆ. ದಿನಾ ಹಿಗ್ಗಿ ಕುಗ್ಗಿ ಪ್ಯಾರಪೆಟ್, ಅಂದರೆ ತಾರಸಿ ಅಂಚಿನ ಗಿಡ್ಡ ಗೋಡೆ, ಸೇರುವ ಕಡೆ ಬಿರುಕು ಬಿಡುತ್ತದೆ. ಮೇಲೆ ಹಾಕಿದರೆ ಬಿಸಿಲು ಕಾಂಕ್ರೀಟಿಗೆ ಮುಟ್ಟುವುದೇ ಇಲ್ಲ. ಅಷ್ಟು ಭಾರದ ಸ್ಲ್ಯಾಬ್ ಒಳಗಿನ ತಂಪನ್ನು ಹಿಡಿದಿಟ್ಟುಕೊಂಡು ನಮ್ಮ ಪರವಾಗಿ ಕೆಲಸ ಮಾಡುತ್ತದೆ.

ಫೋಮಿನಲ್ಲಿ ಮುಖ್ಯವಾಗಿ ಎರಡು ಜಾತಿ. ಓಪನ್ ಸೆಲ್, ಅಂದರೆ ಒಳಗಿನ ಗುಳ್ಳೆಗಳು ತೆರೆದಿರುವಂಥದ್ದು, ಹಗುರ, ಘನ ಮೀಟರಿಗೆ ಸುಮಾರು 8 ಕೆಜಿ. ಬೆರಳಲ್ಲಿ ಒತ್ತಿದರೆ ಸ್ಪಂಜಿನ ಹಾಗೆ ತಗ್ಗುತ್ತದೆ. ಮರದ ಇಳಿಜಾರು ಮಾಡಿನ ಒಳಮೈಗೆ ಅದು ಚೆನ್ನ. ಗುಳ್ಳೆಗಳು ಮುಚ್ಚಿರುವ ಕ್ಲೋಸ್ಡ್ ಸೆಲ್ ಸುಮಾರು 32 ಕೆಜಿ, ಗಟ್ಟಿ, ನೀರು ಹೀರುವುದಿಲ್ಲ. ತಾರಸಿಗೆ ಅಂತಲೇ ಬರುವುದು ಇನ್ನೂ ಗಟ್ಟಿ, 45 ಕೆಜಿಯ ಆಸುಪಾಸು. ಅದರ ಮೇಲೆ ಓಡಾಡಬಹುದು. ನಾನು ಹಾಕಿದ್ದು ಅದನ್ನೇ, 50 ಮಿಲಿಮೀಟರ್ ದಪ್ಪ. ಇಷ್ಟು ತೆಳ್ಳಗಿನ ಪದರ ಏನು ಮಾಡೀತು ಅಂತ ಅನುಮಾನ ಬರುತ್ತದೆ ಅಲ್ವಾ? ಇಷ್ಟೇ ಶಾಖವನ್ನು ಬರೀ ಕಾಂಕ್ರೀಟಿನಲ್ಲಿ ತಡೆಯಬೇಕೆಂದರೆ ಎರಡೂವರೆ ಮೀಟರಿಗಿಂತ ಜಾಸ್ತಿ ದಪ್ಪ ಬೇಕಾಗುತ್ತದೆ.

ಇನ್ನು ತಯಾರಿ. ಮರಳುಗಾಡಿನಲ್ಲಿ ಫೋಮಿಗೆ ಮೊದಲ ಶತ್ರು ಧೂಳು. ಗುಡಿಸಿ ನೋಡಿದರೆ ತಾರಸಿ ಸ್ವಚ್ಛವಾಗೇ ಕಾಣುತ್ತದೆ. ನಾನು ಅಗಲದ ಅಂಟು ಟೇಪನ್ನು ನೆಲಕ್ಕೆ ಒತ್ತಿ, ಕಿತ್ತು, ತಿರುಗಿಸಿ ನೋಡುತ್ತೇನೆ. ನಮ್ಮ ತಾರಸಿಯಲ್ಲಿ ಎರಡು ಸಲ ಗುಡಿಸಿದ ಮೇಲೂ ಟೇಪಿನ ತುಂಬ ನಸುಗೆಂಪು ಪುಡಿ ಮೆತ್ತಿಕೊಂಡಿತ್ತು. ಫೋಮ್ ಆ ಪುಡಿಗೆ ಅಂಟಿಕೊಳ್ಳುತ್ತದೆಯೇ ಹೊರತು ಕಾಂಕ್ರೀಟಿಗಲ್ಲ. ಕೊನೆಗೆ ನೀರಿನ ಪ್ರೆಶರ್ ಹಾಕಿ ತೊಳೆದು, ಎರಡು ದಿನ ಚೆನ್ನಾಗಿ ಒಣಗಿಸಿ, ಬ್ಲೋವರ್ ಹಿಡಿದು, ಫೋಮ್ ಚೆನ್ನಾಗಿ ಅಂಟಲಿ ಅಂತ ಅಡಿಗೆ ಬಳಿಯುವ ಪ್ರೈಮರ್ ಬಳಿದೆ. ಟೇಪು ಬರೀಗೈಯಲ್ಲಿ ವಾಪಸ್ ಬರುವ ತನಕ ಗನ್ ಮುಟ್ಟಲಿಲ್ಲ.

ಡ್ರಮ್ಮುಗಳ ವಿಷಯವನ್ನೂ ಹೇಳಲೇಬೇಕು. ಈ ಫೋಮ್ ಎರಡು ದ್ರವ ಸೇರಿ ಆಗುವಂಥದ್ದು. ಒಂದು ಐಸೊಸೈನೇಟ್, ಇನ್ನೊಂದು ಪಾಲಿಯಾಲ್ ರೆಸಿನ್. ಮೆಷಿನ್ ಎರಡನ್ನೂ ಕಾಯಿಸಿ ಸಮ ಪ್ರಮಾಣದಲ್ಲಿ ಗನ್ನಿಗೆ ತಳ್ಳುತ್ತದೆ, ಅಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೆದು ಬೆರೆಯುತ್ತವೆ. ರೆಸಿನ್ನಿನಲ್ಲಿ ಉಬ್ಬಿಸುವ ದ್ರವ ಇರುತ್ತದೆ. ಅದು ಕುದಿಯಲು ಬೆಂಕಿ ಬೇಕಿಲ್ಲ. ಈಗ ಹೆಚ್ಚು ಬಳಕೆಯಲ್ಲಿರುವ ಒಂದು ದ್ರವ ಸುಮಾರು 19 ಡಿಗ್ರಿಗೇ ಕುದಿಯುತ್ತದೆ. ಡ್ರಮ್ಮನ್ನು ಬಿಸಿಲಲ್ಲಿ ಬಿಟ್ಟು ಮುಚ್ಚಳ ತೆಗೆದರೆ ಬುಸ್ ಅಂತ ನೊರೆ ಬರುತ್ತದೆ. ಹೊರಗೆ ಹೋಗುವುದೆಲ್ಲ ಫೋಮ್ ಉಬ್ಬಲು ಬೇಕಿದ್ದ ಶಕ್ತಿ. ಹಾಗಾಗಿ ಡ್ರಮ್ಮುಗಳನ್ನು ಒಂದು ವಾರ ಎಸಿ ಇರುವ ಕೋಣೆಯಲ್ಲೇ ಇಟ್ಟಿದ್ದೆ. ಮನೆಯವರಿಗೆ ಇಕ್ಕಟ್ಟಾಯಿತು. ಆದರೂ ಬೇರೆ ದಾರಿ ಇರಲಿಲ್ಲ. ರೆಸಿನ್ ತರಿಸುವಾಗಲೂ ಬೇಸಿಗೆಗೆ ಅಂತಲೇ ಮಾಡಿದ, ನಿಧಾನವಾಗಿ ಉಬ್ಬುವ ಗ್ರೇಡ್ ಕೇಳಿ ತರಿಸಿದ್ದೆ. ಚಳಿಗಾಲದ ಗ್ರೇಡನ್ನು ಕಾದ ಮೇಲ್ಮೈಗೆ ಹೊಡೆದರೆ ಅದು ಕಾಂಕ್ರೀಟನ್ನು ನೆನೆಸುವ ಮೊದಲೇ ಉಬ್ಬಿ ನಿಲ್ಲುತ್ತದೆ. ನೋಡಲು ಅಂಟಿದ ಹಾಗೆ ಇರುತ್ತದೆ, ಅಂಟಿರುವುದಿಲ್ಲ.

ಕೆಲಸ ಶುರುವಾಗುತ್ತಿದ್ದದ್ದು ಇನ್ನೂ ಕತ್ತಲಿರುವಾಗ. ತಲೆಗೆ ದೀಪ ಕಟ್ಟಿಕೊಂಡು ಮೆಷಿನ್ ಚಾಲೂ ಮಾಡಿ, ಪೈಪು ಕಾಯಲು ಬಿಡುತ್ತಿದ್ದೆವು. ಬೆಳಕು ಹರಿಯುವಾಗ ಸ್ಲ್ಯಾಬ್ 29 ಡಿಗ್ರಿಗೆ ಇಳಿದಿರುತ್ತಿತ್ತು. ಮರಳುಗಾಡಿನಲ್ಲೂ ಅಪರೂಪಕ್ಕೆ ಇಬ್ಬನಿ ಬೀಳುತ್ತದೆ, ಅದಕ್ಕೆ ಮೇಲ್ಮೈ ಬಿಸಿ ಇಬ್ಬನಿ ಕಟ್ಟುವ ಮಟ್ಟಕ್ಕಿಂತ ಕನಿಷ್ಠ 3 ಡಿಗ್ರಿ ಮೇಲಿದೆಯಾ ಅಂತ ನೋಡಿಕೊಳ್ಳುತ್ತಿದ್ದೆ. ತೇವಕ್ಕೆ ತಾಗಿದರೆ ಐಸೊಸೈನೇಟ್ ರೆಸಿನ್ನನ್ನು ಬಿಟ್ಟು ನೀರಿನ ಜೊತೆ ಸೇರುತ್ತದೆ, ಫೋಮ್ ಪುಡಿಪುಡಿಯಾಗುತ್ತದೆ. ಮೊದಲು ಒಂದು ಹಳೇ ಪ್ಲಾಸ್ಟಿಕ್ ಹಾಳೆ ಮೇಲೆ ಹೊಡೆದು, ಬಣ್ಣ ನೋಡಿ, ಕತ್ತರಿಸಿ ಒಳಗಿನ ರಂಧ್ರಗಳು ಒಂದೇ ಸಮ ಇವೆಯಾ ಅಂತ ಪರೀಕ್ಷೆ. ಮೀನಿನ ವಾಸನೆ ಬಂದರೆ ಮಿಶ್ರಣದಲ್ಲಿ ಏನೋ ಏರುಪೇರಾಗಿದೆ ಅಂತಲೇ ಲೆಕ್ಕ. ಅಂದು ವಾಸನೆ ಬರಲಿಲ್ಲ.

ಗನ್ನಿನ ಟ್ರಿಗರ್ ಒತ್ತಿದಾಗ ನೆಲಕ್ಕೆ ಬೀಳುವುದು ತೆಳ್ಳಗಿನ ಎಣ್ಣೆಯಂಥ ಪದರ. ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಬೆಳ್ಳಗಾಗುತ್ತದೆ, ಹಾಲು ಉಕ್ಕಿದ ಹಾಗೆ ಮೇಲೇಳುತ್ತದೆ, ಕೆಲವೇ ಸೆಕೆಂಡಿಗೆ ಗಟ್ಟಿಯಾಗುತ್ತದೆ. ಇಷ್ಟು ವರ್ಷದ ಮೇಲೂ ಅದನ್ನು ನೋಡುವುದು ನನಗೆ ಖುಷಿ. ಒಂದೇ ಸಲಕ್ಕೆ ದಪ್ಪ ಹೊಡೆಯಬಾರದು. ಫೋಮ್ ಉಬ್ಬುವಾಗ ತಾನೇ ಬಿಸಿ ಹುಟ್ಟಿಸುತ್ತದೆ. ದಪ್ಪವಾದಷ್ಟೂ ಆ ಬಿಸಿ ಒಳಗೇ ಉಳಿದು ಹೊಟ್ಟೆ ಕಪ್ಪಾಗುತ್ತದೆ, ತೀರಾ ಜಾಸ್ತಿಯಾದರೆ ಬೆಂಕಿಯೂ ಹತ್ತಬಹುದು. ನಾನು 25 ಮಿಲಿಮೀಟರಿನ ಎರಡು ಪದರ ಹಾಕಿದೆ, ನಡುವೆ ತಣಿಯಲು ಬಿಟ್ಟು. ಒಂದು ಭಾಗಕ್ಕೆ ಕೈ ಹಾಕಿದರೆ ಎರಡೂ ಪದರ ಅದೇ ದಿನ ಮುಗಿಯಬೇಕು. ಇಲ್ಲದಿದ್ದರೆ ರಾತ್ರಿಯ ಧೂಳು ಎರಡರ ನಡುವೆ ಕೂತುಬಿಡುತ್ತದೆ. ನೀರು ಹೋಗುವ ಪೈಪಿನ ಕಡೆಗೆ ಇಳಿಜಾರು ಬರುವಂತೆ ದೂರದ ಮೂಲೆಗಳಲ್ಲಿ ಸ್ವಲ್ಪ ದಪ್ಪ ಮಾಡಿದೆ. ಇಲ್ಲಿ ಮಳೆ ಬರುವುದೇ ಕಮ್ಮಿ, ಬಂದರೆ ಒಂದೇ ಏಟಿಗೆ ಬರುತ್ತದೆ.

ಒಂಬತ್ತು, ಒಂಬತ್ತೂವರೆಗೆ ಗಾಳಿ ಏಳುತ್ತದೆ. ಫೋಮಿನ ಹನಿಗಳು ಗಾಳಿಯಲ್ಲಿ ಹೋಗಿ ಕಾರಿಗೆ, ಕಿಟಕಿ ಗಾಜಿಗೆ ಕೂತರೆ ಕೆರೆದು ತೆಗೆಯುವುದು ದೊಡ್ಡ ಪಾಡು. ಅಷ್ಟು ಹೊತ್ತಿಗೆ ನಿಲ್ಲಿಸುವುದು ನನ್ನದೇ ನಿಯಮ. ಎರಡನೇ ದಿನ ಆ ನಿಯಮ ನಾನೇ ಮುರಿದೆ. ಗಾಳಿ ಇರಲಿಲ್ಲ, ಪಶ್ಚಿಮದ ಪ್ಯಾರಪೆಟ್ ಬುಡದಲ್ಲಿ ಎರಡು ಮೀಟರಿನಷ್ಟು ಮಾತ್ರ ಉಳಿದಿತ್ತು. ಜೊತೆಗಿದ್ದ ಹುಡುಗ ನೆಲ ಮುಟ್ಟಿ ನೋಡಿ, "ಅಣ್ಣಾ, ಕಾವಲಿ ಆಗಿದೆ ಇದು. ನಾಳೆ ಮಾಡೋಣ್ವಾ?" ಅಂದ. "ಚೂರೇ ಚೂರು ಇದೆ, ಮುಗಿಸಿಬಿಡೋಣ" ಅಂದೆ. ಗಂಟೆ ಹನ್ನೊಂದೂವರೆ. ಸ್ಲ್ಯಾಬ್ 55 ದಾಟಿತ್ತು.

ಹತ್ತು ದಿನ ಕಳೆದ ಮೇಲೆ ಅದೇ ಹುಡುಗ ಅಲ್ಲಿ ಬೆರಳ ಗೆಣ್ಣಿನಿಂದ ತಟ್ಟಿದಾಗ ಡೊಳ್ಳು ಸದ್ದು ಬಂತು. ಮಧ್ಯಾಹ್ನ ಹೋಗಿ ನೋಡಿದರೆ ಆ ಜಾಗ ಬೊಬ್ಬೆ ಎದ್ದ ಹಾಗೆ ಉಬ್ಬಿತ್ತು, ಬೆಳಿಗ್ಗೆ ಮತ್ತೆ ತಗ್ಗಿತ್ತು. ಚಾಕು ಹಾಕಿ ಬಿಡಿಸಿದೆ. ಫೋಮ್ ಚೂರೂ ಹಟ ಮಾಡದೆ ತಟ್ಟೆಯ ಹಾಗೆ ಎದ್ದು ಬಂತು. ಅದರ ಅಡಿಭಾಗ ನಯವಾಗಿ, ಗಾಜಿನ ಹಾಗೆ ಹೊಳೆಯುತ್ತಿತ್ತು. ಉಗುರಿನಿಂದ ಗೀರಿದರೆ ಪುಡಿಯಾಗುತ್ತಿತ್ತು. ಪಕ್ಕದಲ್ಲೇ ಬೆಳಿಗ್ಗೆ ಆರೂವರೆಗೆ ಹೊಡೆದ ಫೋಮನ್ನು ಅದೇ ಚಾಕುವಿನಿಂದ ಎಬ್ಬಿಸಲು ನೋಡಿದೆ. ಫೋಮ್ ಹರಿಯಿತು, ತಳ ಮಾತ್ರ ಕಾಂಕ್ರೀಟ್ ಬಿಡಲಿಲ್ಲ. ಅದೇ ಡ್ರಮ್ಮು, ಅದೇ ಗನ್ನು, ಅದೇ ಕೈ. ಹೊತ್ತು ಮಾತ್ರ ಬೇರೆ. ಆ ಎರಡು ಮೀಟರನ್ನೂ ಅಂಚು ಓರೆ ಮಾಡಿ ಕೊಯ್ದು ತೆಗೆದು, ಮತ್ತೆ ಪ್ರೈಮರ್ ಬಳಿದು, ಮರುದಿನ ಬೆಳಗಾಗುತ್ತಲೇ ಹೊಸದಾಗಿ ಹೊಡೆದೆ. ಹುಡುಗ ಏನೂ ಅನ್ನಲಿಲ್ಲ. ಅವನು ಹೇಳಿದ್ದು ಸರಿ ಇತ್ತು ಅಂತ ನಾನೇ ಅವನಿಗೆ ಹೇಳಿದೆ.

ಫೋಮ್ ಹಾಕಿದ ಮೇಲೆ ಅದನ್ನು ಬಿಸಿಲಿಗೆ ಬಿಡಬಾರದು. ಅತಿನೇರಳೆ ಕಿರಣಕ್ಕೆ ಕೆಲವೇ ದಿನದಲ್ಲಿ ಕಂದು ಬಣ್ಣಕ್ಕೆ ತಿರುಗಿ, ಮೇಲ್ಪದರ ಪುಡಿ ಉದುರುತ್ತದೆ. ಆ ಪುಡಿಯ ಮೇಲೆ ಕೋಟಿಂಗ್ ನಿಲ್ಲುವುದಿಲ್ಲ. ನಾನು ಆಯಾ ಭಾಗಕ್ಕೆ ಮರುದಿನವೇ ಬಿಳಿ ಸಿಲಿಕೋನ್ ಕೋಟಿಂಗಿನ ಮೊದಲ ಕೈ ಹಾಕಿದೆ, ಎರಡನೇ ಕೈಯನ್ನು ಅಡ್ಡ ದಿಕ್ಕಿನಲ್ಲಿ. ಫೋಮಿನ ಮೇಲ್ಮೈ ಕಿತ್ತಳೆ ಸಿಪ್ಪೆಯ ಹಾಗಿದ್ದರೆ ಒಳ್ಳೆಯದು. ಅರಳಿನ ಹಾಗೆ ಉಂಡೆಉಂಡೆ ಎದ್ದಿದ್ದರೆ ಕೋಟಿಂಗ್ ಸಂದಿಗಳಿಗೆ ಇಳಿಯುವುದಿಲ್ಲ, ಅಂಥ ಕಡೆ ಕೆರೆದು ಸಮ ಮಾಡಲೇಬೇಕು. ಕೋಟಿಂಗ್ ಬಿಳಿಯೇ ಆಗಬೇಕು. ಫೋಮ್ ಬಿಸಿಯನ್ನು ಕೆಳಗೆ ಬಿಡುವುದಿಲ್ಲ, ಹಾಗಾಗಿ ಬಿದ್ದ ಬಿಸಿಲೆಲ್ಲ ಮೇಲ್ಮೈಯಲ್ಲೇ ನಿಲ್ಲುತ್ತದೆ. ಗಾಢ ಬಣ್ಣವಾದರೆ ಬರೀ ಕಾಂಕ್ರೀಟಿಗಿಂತಲೂ ಜಾಸ್ತಿ ಕಾಯುತ್ತದೆ.

ಹಿಂದಿನ ಚಿಕ್ಕ ಕೋಣೆಗೆ ಲೋಹದ ಶೀಟಿನ ಮಾಡು. ಅಲ್ಲಿ ಒಳಗಿನಿಂದಲೇ ಕ್ಲೋಸ್ಡ್ ಸೆಲ್ ಹೊಡೆದೆ, ಮೇಲಿಂದ 12.5 ಮಿಲಿಮೀಟರ್ ಜಿಪ್ಸಮ್ ಬೋರ್ಡು ಮುಚ್ಚಿದೆ. ಫೋಮ್ ಹತ್ತಿ ಉರಿಯುವ ವಸ್ತು, ಮನುಷ್ಯರಿರುವ ಕೋಣೆಯಲ್ಲಿ ಅದನ್ನು ತೆರೆದಿಡುವುದು ಸರಿಯಲ್ಲ. ಒಳಗಿನ ಕೆಲಸಕ್ಕೆ ಹೊರಗಿನಿಂದ ಶುದ್ಧ ಗಾಳಿ ಬರುವ ಮಾಸ್ಕ್ ಹಾಕಲೇಬೇಕು. ಐಸೊಸೈನೇಟ್ ಆವಿ ಒಮ್ಮೆ ಮೈಗೆ ಒಗ್ಗದೆ ಹೋದರೆ, ಆಮೇಲೆ ಸ್ವಲ್ಪ ತಾಗಿದರೂ ಉಬ್ಬಸ ಬರಬಹುದು. ಬಟ್ಟೆ ಕಟ್ಟಿಕೊಂಡು ಹೊಡೆಯುವವರನ್ನು ನೋಡಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ. ಮನೆಯವರನ್ನೆಲ್ಲ ಆ ದಿನ ಹೊರಗೆ ಕಳಿಸಿ, 24 ಗಂಟೆ ಗಾಳಿ ಆಡಿಸಿದ ಮೇಲೆ ಕರೆದುಕೊಂಡೆ. ತಾರಸಿ ಕೆಲಸ ನಡೆಯುವಾಗಲೂ ಎಸಿ ಆಫ್, ಹೊರಗಿನ ಗಾಳಿ ಎಳೆಯುವ ಬಾಯಿಗಳಿಗೆಲ್ಲ ಪ್ಲಾಸ್ಟಿಕ್.

ಕಿಟಕಿ ಚೌಕಟ್ಟು, ಎಸಿ ಪೈಪು ಗೋಡೆ ದಾಟುವ ತೂತು, ಇವಕ್ಕೆ ಅಂಗಡಿಯಲ್ಲಿ ಸಿಗುವ ಡಬ್ಬಿ ಫೋಮ್ ಸಾಕು. ಅದರ ಗುಣ ಪೂರ್ತಿ ಉಲ್ಟಾ. ಅದು ಗಟ್ಟಿಯಾಗಲು ಗಾಳಿಯ ತೇವ ಬೇಕು. ಇಲ್ಲಿನ ಒಣ ಗಾಳಿಯಲ್ಲಿ ಸುಮ್ನೆ ತುಂಬಿಸಿಬಿಟ್ಟರೆ ಹೊಟ್ಟೆಯಲ್ಲಿ ದಿನಗಟ್ಟಲೆ ಜಿಗುಟಾಗೇ ಉಳಿಯುತ್ತದೆ. ಸಂದಿಗೆ ಮೊದಲು ತೆಳ್ಳಗೆ ನೀರು ಸಿಂಪಡಿಸಿ, ಫೋಮ್ ಹಾಕಿ, ಮೇಲೆ ಮತ್ತೊಮ್ಮೆ ಸಿಂಪಡಿಸುತ್ತೇನೆ. ಕಿಟಕಿಗೆ ಕಮ್ಮಿ ಉಬ್ಬುವ ಬಗೆಯನ್ನೇ ತರಬೇಕು. ಇನ್ನೊಂದು ಬಗೆ ಚೌಕಟ್ಟನ್ನು ಒಳಕ್ಕೆ ಒತ್ತಿ ಕಿಟಕಿ ಮುಚ್ಚದ ಹಾಗೆ ಮಾಡುತ್ತದೆ. ಇಷ್ಟು ಮಾಡಿದ ಮೇಲೆ ಮರಳಿನ ಬಿರುಗಾಳಿ ಬಂದಾಗ ಕಿಟಕಿ ದಂಡೆಯ ಮೇಲೆ ಧೂಳಿನ ಗೆರೆ ಕಾಣಲಿಲ್ಲ. ಅದು ನಾನು ನಿರೀಕ್ಷಿಸಿರದ ಲಾಭ.

ಒಂದು ತೊಂದರೆಯೂ ಬಂತು. ನಡುಮನೆಯಲ್ಲಿ ನೀರಿನ ಕೂಲರ್ ಇದೆ. ಸಂದಿಗಳೆಲ್ಲ ಮುಚ್ಚಿದ ಮೇಲೆ ಅದರ ಗಾಳಿ ಒಳಗೇ ಬರದಾಯಿತು. ಬಂದ ಗಾಳಿ ಹೊರಗೆ ಹೋಗಲು ದಾರಿ ಇದ್ದರೆ ತಾನೇ ಹೊಸದು ಬರುವುದು? ಈಗ ಎದುರಿನ ಕಿಟಕಿಯನ್ನು ಒಂದು ಗೇಣು ತೆರೆದಿಡುತ್ತೇವೆ. ಎಸಿ ಹಾಕುವಾಗ ಅದನ್ನು ಮುಚ್ಚಿ, ತಾಜಾ ಗಾಳಿಗೆ ಒಂದು ಚಿಕ್ಕ ಫ್ಯಾನ್ ಓಡಿಸುತ್ತೇವೆ.

ಫೋಮಿಗೆ ಮೊದಲು ರಾತ್ರಿ ಒಂಬತ್ತಕ್ಕೆ, ಎಸಿ ಹಾಕದ ಪಶ್ಚಿಮದ ಕೋಣೆಯ ಸೀಲಿಂಗ್ 41 ಡಿಗ್ರಿ ತೋರಿಸುತ್ತಿತ್ತು. ಮುಂದಿನ ಬೇಸಿಗೆಯಲ್ಲಿ, ಅದೇ ಹೊತ್ತಿಗೆ, ಅದೇ ಜಾಗದಲ್ಲಿ 33. ಅಮ್ಮನಿಗೆ ಅಂಕಿಯ ಹಂಗಿಲ್ಲ. ಅವರು ಹಾಸಿಗೆ ಸುತ್ತುವುದನ್ನು ನಿಲ್ಲಿಸಿದ್ದಾರೆ.

ಈಗ ವರ್ಷಕ್ಕೆರಡು ಸಲ, ಮಳೆಗೆ ಮೊದಲು ಒಮ್ಮೆ, ಆಮೇಲೊಮ್ಮೆ, ಸಿಲಿಕೋನ್ ಟ್ಯೂಬ್ ಹಿಡಿದು ತಾರಸಿ ಹತ್ತುತ್ತೇನೆ. ಹಕ್ಕಿಗಳು ಕೋಟಿಂಗನ್ನು ಕುಕ್ಕಿ ಫೋಮಿನಲ್ಲಿ ತೂತು ಮಾಡುತ್ತವೆ. ಕಳೆದ ಸಲ ಏಳು ಸಿಕ್ಕವು, ಎಲ್ಲ ಬಟಾಣಿ ಗಾತ್ರದವು. ಸುತ್ತ ಧೂಳು ಒರೆಸಿ, ಸಿಲಿಕೋನ್ ತುಂಬಿ, ಹೆಬ್ಬೆರಳಲ್ಲಿ ಸವರಿ ಇಳಿದೆ. ಆಗಿನ್ನೂ ಬೆಳಿಗ್ಗೆ ಏಳು ಗಂಟೆ.