ಒಂದು ರೂಪಾಯಿಗೆ ಎಷ್ಟು ಜಾಗ ಬಿಡಬೇಕು?

ಅಜ್ಜಿಯ ಎಲೆಅಡಿಕೆ ಸಂಚಿಯಲ್ಲಿ ಎರಡು ಒಂದು ರೂಪಾಯಿ ನಾಣ್ಯ ಸಿಕ್ಕವು. ಒಂದು 1974ರದ್ದು, ಇನ್ನೊಂದು 1978ರದ್ದು. ಎರಡೂ 28 ಮಿಲಿಮೀಟರ್ ಅಗಲ, ಎರಡರಲ್ಲೂ ಒಂದು ಕಡೆ ಸಿಂಹ, ಇನ್ನೊಂದು ಕಡೆ ದೊಡ್ಡದಾಗಿ 1, ಅದರ ಆಚೆ ಈಚೆ ತೆನೆ. ಪಕ್ಕಪಕ್ಕ ಇಟ್ಟರೆ ಹೆಚ್ಚುಕಡಿಮೆ ಅವಳಿ ಮಕ್ಕಳ ಹಾಗೆ. ಆಲ್ಬಂನಲ್ಲಿ ಇವೆರಡಕ್ಕೂ ಸೇರಿ ಒಂದೇ ಜಾಗ ಸಾಕು ಅಂದುಕೊಂಡು 1978ರದ್ದನ್ನು ಡಬ್ಬಿಗೆ ಹಾಕುವುದರಲ್ಲಿದ್ದೆ. ಆಮೇಲೆ ಏನನ್ನಿಸಿತೋ, ಫ್ರಿಜ್ ಬಾಗಿಲಿನ ಅಯಸ್ಕಾಂತ ತಂದು ಹಿಡಿದೆ. 1974ರದ್ದು ಟಕ್ ಅಂತ ಅಂಟಿಕೊಂಡಿತು. 1978ರದ್ದು ಅಲ್ಲಾಡಲೇ ಇಲ್ಲ.

ಕಾರಣ ಸುಲಭ. ಮೊದಲನೆಯದು ಅಪ್ಪಟ ನಿಕಲ್, 10 ಗ್ರಾಂ. 1975ರಿಂದ ತಾಮ್ರ ಬೆರೆಸಿದ ನಿಕಲ್ ಬಂತು, ತೂಕ 8 ಗ್ರಾಂಗೆ ಇಳಿಯಿತು. ತಾಮ್ರ ಅಷ್ಟು ಸೇರಿದರೆ ಅಯಸ್ಕಾಂತ ಹಿಡಿಯುವುದಿಲ್ಲ. ಆವತ್ತು ರಾತ್ರಿ ಕೂತು ನನ್ನ ಇಡೀ ಆಲ್ಬಂ ಬಿಚ್ಚಿದೆ. ಯಾವುದನ್ನು ‘ಬೇರೆ ನಾಣ್ಯ’ ಅನ್ನಬೇಕು, ಯಾವುದನ್ನು ಅನ್ನಬಾರದು ಅಂತ ನಾನು ಸರಿಯಾಗಿ ಯೋಚನೆಯೇ ಮಾಡಿರಲಿಲ್ಲ.

ನಾನು ಕೂಡಿಸುವುದು 1950ರ ನಂತರದ ಭಾರತದ ನಾಣ್ಯಗಳನ್ನು. ಮೊದಲು ವರ್ಷದ ಪ್ರಕಾರ, ಟಂಕಸಾಲೆಯ ಪ್ರಕಾರ ಕೂಡಿಸುತ್ತಿದ್ದೆ. ಇಸವಿಯ ಕೆಳಗೆ ವಜ್ರದ ಆಕಾರ ಇದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ಚುಕ್ಕಿ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಮೂರು ವರ್ಷ ಹೀಗೇ ಮಾಡಿದೆ. ಒಂದೇ ರೀತಿಯ ಸ್ಟೀಲ್ ರೂಪಾಯಿಗಳು ಹಾಳೆಗಟ್ಟಲೆ ತುಂಬಿದವು. ಮನೆಗೆ ಬಂದವರಿಗೆ ತೋರಿಸಿದರೆ ಎರಡನೇ ಹಾಳೆಗೇ ಅವರ ಕಣ್ಣು ಬೇರೆ ಕಡೆ ಹೋಗುತ್ತಿತ್ತು. ನನಗೂ ಬೇಜಾರಾಗಿತ್ತು. ಅದಕ್ಕೇ ಪ್ರತಿ ಬಗೆಗೆ ಒಂದೇ ನಾಣ್ಯ ಇಡೋಣ, ಅದೂ ಚೆನ್ನಾಗಿರುವುದನ್ನೇ ಇಡೋಣ ಅಂತ ತೀರ್ಮಾನಿಸಿದೆ. ತೀರ್ಮಾನ ಮಾಡುವುದೇನೋ ಸುಲಭ, ಆದರೆ ‘ಬಗೆ’ ಅಂದರೆ ಏನು ಅಂತ ಹೇಳುವವರು ಯಾರು?

ಆ ರಾತ್ರಿ ನೋಟ್‌ಬುಕ್‌ನಲ್ಲಿ ನಾಲ್ಕು ಪ್ರಶ್ನೆ ಬರೆದುಕೊಂಡೆ. ಲೋಹ ಬದಲಾಯಿತಾ? ಆಕಾರ ಅಥವಾ ಅಳತೆ ಬದಲಾಯಿತಾ? ಚಿತ್ರ ಬದಲಾಯಿತಾ? ಮೇಲೆ ಬರೆದ ಮಾತು ಬದಲಾಯಿತಾ? ಒಂದಕ್ಕಾದರೂ ಹೌದು ಅಂದರೆ ಅದಕ್ಕೆ ಬೇರೆ ಜಾಗ. ಟಂಕಸಾಲೆ ಗುರುತು, ಇಸವಿ, ಅಕ್ಷರದ ದಪ್ಪ ಸಣ್ಣ, ಭೂತಗನ್ನಡಿ ಹಿಡಿದರೆ ಮಾತ್ರ ಕಾಣುವ ಸಿಂಹದ ಕೂದಲಿನ ವ್ಯತ್ಯಾಸ, ಇವೆಲ್ಲ ಬೇಡ. ಇವನ್ನು ಕೂಡಿಸುವವರ ಬಗ್ಗೆ ನನಗೆ ತುಂಬಾ ಗೌರವ ಇದೆ. ಆದರೆ ಅದು ಬೇರೆಯೇ ಕೆಲಸ.

ಈ ಲೆಕ್ಕದಲ್ಲಿ ತೆನೆಯ ಒಂದು ರೂಪಾಯಿ ಒಂದಕ್ಕೇ ನನ್ನ ಆಲ್ಬಂನಲ್ಲಿ ಒಂದು ಸಾಲು ಬೇಕಾಯಿತು. 10 ಗ್ರಾಂನ ನಿಕಲ್, 8 ಗ್ರಾಂನ ತಾಮ್ರ-ನಿಕಲ್, 1983ರಿಂದ 26 ಮಿಲಿಮೀಟರಿನ 6 ಗ್ರಾಂ, 1992ರಿಂದ 25 ಮಿಲಿಮೀಟರಿನ ಸ್ಟೀಲ್, 4.85 ಗ್ರಾಂ. ಒಂದರ ಪಕ್ಕ ಒಂದು ಇಟ್ಟರೆ ರೂಪಾಯಿ ಕರಗುತ್ತಾ ಬಂದಿದ್ದು ಕಣ್ಣಿಗೇ ಕಾಣುತ್ತದೆ. ಅಂಗೈಯಲ್ಲಿ ಇಟ್ಟು ನೋಡಿದರೆ ಇನ್ನೂ ಜಾಸ್ತಿ ಗೊತ್ತಾಗುತ್ತದೆ. ಈ ಕೊನೆಯದರದ್ದು ಇನ್ನೊಂದು ಕಥೆ ಇದೆ. 2011ರಲ್ಲಿ ಹೊಸ ರೂಪಾಯಿ ಚಿಹ್ನೆಯ ನಾಣ್ಯಗಳು ಬಂದಾಗ ಎರಡು ರೂಪಾಯಿಯ ಅಳತೆ 25 ಮಿಲಿಮೀಟರ್, ತೂಕ 4.85 ಗ್ರಾಂ ಆಯಿತು. ಅಂದರೆ ಹಳೇ ಒಂದು ರೂಪಾಯಿಯ ಅಳತೆಯೇ ಎರಡು ರೂಪಾಯಿಗೆ ಬಂತು. ಹೊಸ ಒಂದು ರೂಪಾಯಿ ಸ್ಟೀಲಿನ ಎಂಟಾಣೆಯಷ್ಟಾಯಿತು. ಬಸ್ಸಿನಲ್ಲಿ ಕತ್ತಲಲ್ಲಿ ಕೈಗೆ ಬಂದ ಚಿಲ್ಲರೆ ಯಾವುದು ಅಂತ ತಡಕಾಡಿದ್ದು ನೆನಪಿರಬೇಕಲ್ವಾ? ಅದಕ್ಕೇ ಈ ನಾಲ್ಕನ್ನೂ ಒಂದೇ ಹಾಳೆಯಲ್ಲಿ ಇಟ್ಟಿದ್ದೇನೆ.

ಕಷ್ಟ ಕೊಟ್ಟಿದ್ದು ನಯಾ ಪೈಸೆ. 1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ಪೈಸೆ ಆಯಿತು. ಹಳೇ ಪೈಸೆಗೂ ಹೊಸದಕ್ಕೂ ಗೊಂದಲ ಆಗಬಾರದು ಅಂತ ಹೊಸದಕ್ಕೆ ‘ನಯಾ’ ಸೇರಿಸಿದರು. 1964ರ ಜೂನ್ 1ರಿಂದ ಆ ಪದ ತೆಗೆದರು. ಬರೀ ಏಳು ವರ್ಷ. ನಾಣ್ಯದಿಂದ ಹೋದರೂ ನಮ್ಮ ಬಾಯಿಂದ ಹೋಗಲಿಲ್ಲ, ಇವತ್ತಿಗೂ ‘ಒಂದು ನಯಾಪೈಸೆ ಕೊಡಲ್ಲ’ ಅನ್ನುತ್ತೇವೆ. ಹಾಗಾಗಿ ‘ನಯಾ’ ಇರುವ ಐದು ಪೈಸೆಗೊಂದು ಜಾಗ, ಇಲ್ಲದ್ದಕ್ಕೊಂದು ಜಾಗ ಅನ್ನುವುದರಲ್ಲಿ ನನಗೆ ಅನುಮಾನ ಬರಲಿಲ್ಲ, ಲೋಹವೂ ಚೌಕಾಕಾರವೂ ಹಾಗೇ ಇದ್ದರೂ ಸಹ.

ಎಡವಿದ್ದು ಒಂದು ನಯಾ ಪೈಸೆಯಲ್ಲಿ. ಅದು 16 ಮಿಲಿಮೀಟರಿನ ಪುಟ್ಟ ನಾಣ್ಯ. ಮೊದಲು ಕಂಚಿನದು, 1962ರಲ್ಲಿ ಹಿತ್ತಾಳೆ ಬಣ್ಣದ ನಿಕಲ್ ಹಿತ್ತಾಳೆಗೆ ಬದಲಾಯಿತು. 1962ರ ಇಸವಿಯಲ್ಲಿ ಎರಡೂ ಇವೆ. ನನ್ನ ಹತ್ತಿರ ಇದ್ದ 1962ರದ್ದು ಪೂರ್ತಿ ಕಂದು ತಿರುಗಿತ್ತು, ಯಾವ ಲೋಹ ಅಂತ ಗೊತ್ತಾಗುತ್ತಿರಲಿಲ್ಲ. ದೇವರ ದೀಪ ತೊಳೆಯುವ ಹಾಗೆ ಹುಣಸೆಹಣ್ಣಿನಲ್ಲಿ ನೆನೆಹಾಕಿ ಉಜ್ಜಿದೆ. ಕೆಂಪಗೆ ಬಂತು. ಕಂಚು ಅಂತ ಬರೆದು ಆಲ್ಬಂಗೆ ಹಾಕಿದೆ. ಆಮೇಲೆ ಅಮ್ಮ ನೋಡಿ, ‘ಹುಳಿಯಲ್ಲಿ ಜಾಸ್ತಿ ಹೊತ್ತು ಬಿಟ್ಟರೆ ಹಿತ್ತಾಳೆನೂ ಕೆಂಪಗಾಗತ್ತೆ ಕಣೋ’ ಅಂದರು. ಅದು ನಿಜ, ಮೇಲ್ಮೈಯಲ್ಲಿದ್ದ ಸತು ಹುಳಿಗೆ ಕರಗಿ ಹೋಗಿ ತಾಮ್ರ ಉಳಿಯುತ್ತದೆ. ಅಂಚನ್ನು ಬಿಸಿಲಿಗೆ ಹಿಡಿದು ನೋಡಿದರೆ ಒಂದು ಕಡೆ ಗೀಚಿದ ಜಾಗದಲ್ಲಿ ಹಳದಿ ಇತ್ತು. ಕಂಚಲ್ಲ, ಹಿತ್ತಾಳೆ. ಅರವತ್ತು ವರ್ಷದ ಬಣ್ಣ ನನ್ನ ಕೈಯಾರೆ ಹೋಯಿತು. ಈಗ ನಾಣ್ಯ ತೊಳೆಯುವುದಿಲ್ಲ. ಖಚಿತವಾಗಿ ಕಂಚು ಅಂತ ಗೊತ್ತಿರುವ 1957ರದ್ದನ್ನೂ ಖಚಿತವಾಗಿ ಹಿತ್ತಾಳೆ ಅಂತ ಗೊತ್ತಿರುವ 1963ರದ್ದನ್ನೂ ಆಚೆ ಈಚೆ ಇಟ್ಟು, ಬೆಳಗಿನ ಬೆಳಕಿನಲ್ಲಿ ಸವೆದ ಅಂಚನ್ನು ಮಾತ್ರ ಹೋಲಿಸುತ್ತೇನೆ.

ಹತ್ತು ಪೈಸೆ ಹೂವಿನಂಥ ಅಂಚಿನದು, ಮೂರು ಲೋಹ ಕಂಡಿದೆ, ಮೂರೂ ಬೇಕೇ ಬೇಕು. ಅದರಲ್ಲಿ ಯೋಚನೆಗೆ ಏನೂ ಇಲ್ಲ.

ಹತ್ತು ರೂಪಾಯಿ ಬಗ್ಗೆ ಮಾತ್ರ ಬಹಳ ಯೋಚಿಸಿದೆ. 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಅಲ್ಲಿಯವರೆಗೆ 14 ವಿನ್ಯಾಸಗಳಲ್ಲಿ ಹತ್ತು ರೂಪಾಯಿ ಬಂದಿದೆ, ಎಲ್ಲವೂ ಚಲಾವಣೆಯಲ್ಲಿವೆ ಅಂತ ಹೇಳಬೇಕಾಯಿತು. ಯಾಕೆಂದರೆ ನಮ್ಮ ಕಡೆ ಅಂಗಡಿಯವರು ‘ಇದು ನಡೆಯಲ್ಲ ಸಾರ್, ಬೇರೆ ಕೊಡಿ’ ಅನ್ನುತ್ತಿದ್ದರು. ನಾಣ್ಯದ ಮೇಲೆ ಕಿರಣದ ಹಾಗೆ ಕೆತ್ತಿರುವ ಗೆರೆ ಎಣಿಸಿ, ಹದಿನೈದು ಗೆರೆಯದು ನಕಲಿ, ಹತ್ತು ಗೆರೆಯದು ಅಸಲಿ ಅಂತ ಸುದ್ದಿ ಹಬ್ಬಿತ್ತು. ನಿಜಕ್ಕೂ ಹದಿನೈದು ಗೆರೆಯದು ರೂಪಾಯಿ ಚಿಹ್ನೆ ಬರುವ ಮೊದಲಿನದು, ಹತ್ತು ಗೆರೆಯದು 2011ರ ನಂತರದ್ದು, ಅಷ್ಟೇ. ನಮ್ಮ ಬೀದಿಯ ಕಿರಾಣಿ ಅಂಗಡಿಯಲ್ಲಿ ಯಾರೂ ತಗೊಳ್ಳದೆ ಉಳಿದಿದ್ದ ಒಂದು ಡಬ್ಬಿ ನಾಣ್ಯವನ್ನು ನೋಟು ಕೊಟ್ಟು ತಂದೆ, ಅದರಲ್ಲಿ ಬೇಕಾದ್ದೆಲ್ಲ ಸಿಕ್ಕಿತು.

ಆ ಹದಿನಾಲ್ಕರಲ್ಲಿ ಹೆಚ್ಚಿನವು ಸ್ಮರಣಾರ್ಥ ನಾಣ್ಯಗಳು. ಅವನ್ನೆಲ್ಲ ಸೇರಿಸಿದರೆ ಆಲ್ಬಂ ಮತ್ತೆ ಮುಂಚಿನ ಹಾಗೇ ಉಬ್ಬುತ್ತದೆ. ಹಾಗಾಗಿ ದಿನಬಳಕೆಯ ವಿನ್ಯಾಸ ಮಾತ್ರ ಇಟ್ಟೆ, ಸ್ಮರಣಾರ್ಥದವು ಹೊರಗೆ. ಎರಡು ಕಡೆ ಈ ನಿಯಮ ಬಿಟ್ಟಿದ್ದೇನೆ. ಒಂದು 1964ರ ನೆಹರೂ ಎಂಟಾಣೆ. ಸ್ವತಂತ್ರ ಭಾರತದ ಮೊದಲ ಸ್ಮರಣಾರ್ಥ ನಾಣ್ಯ ಅದು, ಒಂದರಲ್ಲಿ ಹೆಸರು ಹಿಂದಿಯಲ್ಲಿ, ಇನ್ನೊಂದರಲ್ಲಿ ಇಂಗ್ಲಿಷಿನಲ್ಲಿ. ಬರೆದ ಮಾತು ಬದಲಾದರೆ ಬೇರೆ ಬಗೆ ಅಂತ ನಾನೇ ಬರೆದುಕೊಂಡಿದ್ದೆನಲ್ಲ, ಎರಡನ್ನೂ ಇಟ್ಟೆ. ಇನ್ನೊಂದು 2006ರ ಬಸವಣ್ಣನವರ ಐದು ರೂಪಾಯಿ. ಅದಕ್ಕೆ ನನ್ನ ನಾಲ್ಕು ಪ್ರಶ್ನೆ ಕೇಳಲೇ ಇಲ್ಲ. ಅಜ್ಜಿ ಅದನ್ನು ಖರ್ಚು ಮಾಡದೆ ಅದೇ ಸಂಚಿಯಲ್ಲಿ ಬೇರೆಯಾಗಿ ಬಟ್ಟೆ ಸುತ್ತಿ ಇಟ್ಟಿದ್ದರು. ಈಗಲೂ ಬಟ್ಟೆ ಸಮೇತ ಕಡೇ ಹಾಳೆಯಲ್ಲಿದೆ.