ತೋಟದ ಮೋಟರಿಗೊಂದು ವೋಲ್ಟೇಜ್ ಕಾವಲು

ತೀರ್ಥಹಳ್ಳಿ ಕಡೆ ಮಾರ್ಚ್ ಬಂತೆಂದರೆ ಎಲ್ಲರ ಅಡಿಕೆ ತೋಟದ ಪಂಪೂ ಒಟ್ಟಿಗೆ ಓಡುತ್ತದೆ. ಲೈನಿನ ಕೊನೆಯಲ್ಲಿರುವ ನಮ್ಮಂಥವರಿಗೆ 230ರ ಬದಲು 170–180 ವೋಲ್ಟ್ ಬರುವುದೂ ಉಂಟು. ಆಗ ಮೋಟರ್ ಅದೇ ಹೊರೆ ಎಳೆಯಲು ಹೆಚ್ಚು ಕರೆಂಟ್ ತಗೊಳ್ಳುತ್ತದೆ, ವೈಂಡಿಂಗ್ ಬಿಸಿಯಾಗಿ ಸುಡುತ್ತದೆ. ಹಾಗಾಗಿ ವೋಲ್ಟೇಜ್ ನೋಡಿ ಮೋಟರ್ ನಿಲ್ಲಿಸುವ ಪೆಟ್ಟಿಗೆಯೊಂದನ್ನು ಆರ್ಡುಯಿನೊ ಊನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಇಟ್ಟುಕೊಂಡು ಮಾಡಿದೆ.

ಮೇನ್ಸಿಗೆ, ಅಂದರೆ 230 ವೋಲ್ಟಿನ ಲೈನಿಗೆ, ನೇರವಾಗಿ ರೆಸಿಸ್ಟರ್ ಹಾಕಿಯೂ ಅಳೆಯಬಹುದು. ಆದರೆ ಆಗ ಬೋರ್ಡಿನ ಗ್ರೌಂಡೇ ಮೇನ್ಸಿಗೆ ಸೇರಿರುತ್ತದೆ, ಮುಟ್ಟಿದರೆ ಶಾಕ್. ಮಳೆಗಾಲದಲ್ಲಿ ಗೋಡೆಯೇ ಒಸರುವ ಪಂಪ್ ಶೆಡ್ಡಿನಲ್ಲಿ ಆ ಸಾಹಸ ಯಾರೂ ಮಾಡಬಾರದು. ನಾನು ಹಾಕಿದ್ದು 9 ವೋಲ್ಟಿನ ಸಣ್ಣ ಟ್ರಾನ್ಸ್‌ಫಾರ್ಮರ್. ಅದರ ಮೇನ್ಸ್ ಬದಿಗೆ ಫ್ಯೂಸು, ಮುಂಗಾರು ಸಿಡಿಲಿಗೆ, ಮಿತಿ ಮೀರಿದ ವೋಲ್ಟೇಜನ್ನು ತಡೆಯುವ 320 ವೋಲ್ಟಿನ ಎಂಒವಿ. ಈ ಟ್ರಾನ್ಸ್‌ಫಾರ್ಮರ್ ಅಳತೆಗೆ ಮಾತ್ರ. ಬೋರ್ಡಿಗೆ ಬೇರೆ ಮೊಬೈಲ್ ಚಾರ್ಜರ್ ಇದೆ, ಯಾಕೆಂದರೆ ಬೋರ್ಡಿನ ಹೊರೆ ಏರಿಳಿದಂತೆ ಅಳತೆಯೂ ಅಲುಗಾಡಬಾರದು.

ಹೊರೆಯಿಲ್ಲದ ಕಾರಣ 9 ವೋಲ್ಟಿನದು 11ರ ಹತ್ತಿರ ಕೊಡುತ್ತದೆ. ನಾಲ್ಕು 1ಎನ್4007 ಡಯೋಡಿನ, ಎಸಿಯನ್ನು ಡಿಸಿ ಮಾಡುವ ಬ್ರಿಜ್ ದಾಟಿ ಕೆಪಾಸಿಟರಿನಲ್ಲಿ ನಿಲ್ಲುವುದು ಅದರ ಪೀಕ್, ಅಂದರೆ ಅಲೆಯ ತುದಿ: 11ನ್ನು 1.414ರಿಂದ ಗುಣಿಸಿ, ಡಯೋಡುಗಳು ತಿನ್ನುವ ಸುಮಾರು ಒಂದು ವೋಲ್ಟ್ ಕಳೆದರೆ 14.5. ಕೆಪಾಸಿಟರ್ ದೊಡ್ಡದಿದ್ದಷ್ಟೂ ಒಳ್ಳೆಯದು ಎಂದುಕೊಳ್ಳುವವರಿದ್ದಾರೆ. ಇಲ್ಲಿ ಅದು ತಿರುವುಮುರುವು. ಇದರ ಮುಂದೆ ವೋಲ್ಟೇಜನ್ನು ಬೋರ್ಡಿಗೆ ತಕ್ಕಷ್ಟು ಇಳಿಸುವ ಡಿವೈಡರ್ ಇದೆ; ಅದರ ಎರಡು ರೆಸಿಸ್ಟರ್ 180ಕೆ ಮತ್ತು 10ಕೆ (ಕೆ ಎಂದರೆ ಸಾವಿರ ಓಮ್), ಒಟ್ಟು 190ಕೆ. 470 ಮೈಕ್ರೋಫ್ಯಾರಡ್ ಹಾಕಿದರೆ ಅದು ಬರಿದಾಗಲು ನಿಮಿಷದ ಮೇಲೆ ಬೇಕು, ಅಷ್ಟು ಹೊತ್ತು ಪೆಟ್ಟಿಗೆ ಹಳೆಯ ವೋಲ್ಟೇಜನ್ನೇ ಹೇಳುತ್ತಿರುತ್ತದೆ. 4.7 ಹಾಕಿದೆ, ಒಂದು ಸೆಕೆಂಡಿನ ಆಸುಪಾಸಿಗೆ ಇಳಿಯಿತು. ಉಳಿದ ಸಣ್ಣ ಏರಿಳಿತವನ್ನು (ರಿಪಲ್) 100 ಮಿಲಿಸೆಕೆಂಡಿನ ಸರಾಸರಿ ನುಂಗುತ್ತದೆ.

ನನ್ನ ದೃಷ್ಟಿಯಲ್ಲಿ ಇಡೀ ಕೆಲಸದ ಜೀವ ಇರುವುದು ವೋಲ್ಟೇಜನ್ನು ಎಣಿಕೆಯಾಗಿ ಬದಲಿಸುವ ಎಡಿಸಿಯ ರೆಫರೆನ್ಸಿನಲ್ಲಿ, ಅಂದರೆ ಅದು ಹೋಲಿಸಿ ನೋಡುವ ವೋಲ್ಟೇಜಿನಲ್ಲಿ. ಸಾಮಾನ್ಯವಾಗಿ ಎಲ್ಲರೂ ಬೋರ್ಡಿನ 5 ವೋಲ್ಟನ್ನೇ ನಂಬುತ್ತಾರೆ. ಆದರೆ ಅದು ಚಾರ್ಜರಿನಿಂದ ಚಾರ್ಜರಿಗೆ ಬೇರೆ, ರಿಲೇ (ಬೋರ್ಡ್ ನಡೆಸುವ ಸ್ವಿಚ್ಚು) ಎಳೆದಾಗ ಇನ್ನಷ್ಟು ಕುಗ್ಗುತ್ತದೆ. ಅಳೆಯುವ ಕೋಲೇ ಕುಗ್ಗಿದರೆ ಬಟ್ಟೆ ಉದ್ದ ಕಂಡೀತು! ಊನೊದ ಅಟ್‌ಮೆಗಾ328ಪಿ ಚಿಪ್ಪಿನೊಳಗೆ 1.1 ವೋಲ್ಟಿನ ರೆಫರೆನ್ಸ್ ಇದೆ. ಚಿಪ್ಪಿನಿಂದ ಚಿಪ್ಪಿಗೆ ಅದು 1.0ರಿಂದ 1.2ರವರೆಗೆ ಇರಬಹುದು, ಆದರೆ ಒಂದೇ ಚಿಪ್ಪಿನಲ್ಲಿ ಅಲುಗಾಡುವುದು ಕಡಿಮೆ. ಡಿವೈಡರನ್ನು ಅದಕ್ಕೇ ಹೊಂದಿಸಿದ್ದು: 230ಕ್ಕೆ ಬೋರ್ಡಿನ ಅಳೆಯುವ ಪಿನ್ನಿನಲ್ಲಿ ಮುಕ್ಕಾಲು ವೋಲ್ಟ್, 300ಕ್ಕೆ ಹೋದರೂ 1.1 ದಾಟುವುದಿಲ್ಲ. ಪಿನ್ನಿಗೊಂದು 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೇರಿಸಿದೆ.

ಡಯೋಡುಗಳು ಒಂದು ವೋಲ್ಟ್ ತಿನ್ನುವುದರಿಂದ ಎಡಿಸಿ ಕೊಡುವ ಎಣಿಕೆಯನ್ನು ಒಂದೇ ಸಂಖ್ಯೆಯಿಂದ ಗುಣಿಸಿದರೆ ಸಾಲದು. 230ರಲ್ಲಿ ಸರಿ ಬಂದದ್ದು 160ರಲ್ಲಿ ತಪ್ಪುತ್ತದೆ. ಎರಡು ಕಡೆ ಅಳೆದು ನಡುವೆ ಗೆರೆ ಎಳೆಯಬೇಕು. ಅದಕ್ಕೆ ಮೋಟರ್ ವೈಂಡಿಂಗ್ ಅಂಗಡಿಯ, ಗುಂಡಿ ತಿರುಗಿಸಿ ವೋಲ್ಟೇಜ್ ಏರಿಳಿಸುವ ಡಿಮ್ಮರ್‌ಸ್ಟ್ಯಾಟ್ ಕೇಳಿದೆ. "ಎಷ್ಟ್ ಬೇಕೋ ಅಷ್ಟ್ ತಿರುಗ್ಸಿ ಮಾರಾಯ್ರೇ, ಚಪ್ಲಿ ಮಾತ್ರ ಬಿಚ್ಬೇಡಿ" ಅಂದರು ಅಂಗಡಿಯವರು. ಸರಿಯಾದ ಮಾತು, ಡಿಮ್ಮರ್‌ಸ್ಟ್ಯಾಟ್ ಮೇನ್ಸಿನಿಂದ ಬೇರ್ಪಟ್ಟಿರುವುದಿಲ್ಲ. 160ಕ್ಕೆ 481, 230ಕ್ಕೆ 712 ಎಣಿಕೆ ಬಂತು. ಅಂದರೆ ಎಣಿಕೆಯನ್ನು 0.303ರಿಂದ ಗುಣಿಸಿ 14.3 ಕೂಡಿಸಿದರೆ ವೋಲ್ಟೇಜ್. ನಿಮ್ಮ ಟ್ರಾನ್ಸ್‌ಫಾರ್ಮರಿಗೆ ಈ ಅಂಕಿ ಹೊಂದುವುದಿಲ್ಲ, ನೀವೇ ಅಳೆದುಕೊಳ್ಳಿ.

ಈ ವಿಧಾನ ಅಳೆಯುವುದು ಪೀಕನ್ನು, 230 ಎಂದು ನಾವು ಹೇಳುವ ಆರ್‌ಎಂಎಸ್ ಅನ್ನಲ್ಲ. ಸೈನ್ ವೇವ್ ಇರುವಷ್ಟು ದಿನ ಎರಡರ ಅನುಪಾತ ಬದಲಾಗದು, ತೊಂದರೆಯಿಲ್ಲ. ಪೀಕೂ ಆರ್‌ಎಂಎಸ್ಸೂ ಒಂದೇ ಆಗಿರುವ ಸ್ಕ್ವೇರ್ ವೇವ್ ಇನ್ವರ್ಟರಿಗೆ ಜೋಡಿಸಿದರೆ 230 ಇದ್ದರೂ 163ರ ಹತ್ತಿರ ತೋರಿಸೀತು.

180ಕ್ಕಿಂತ ಇಳಿದರೆ ರಿಲೇ ಬಿಡುತ್ತದೆ, ಅದು ಮೋಟರಿನ ದೊಡ್ಡ ಸ್ವಿಚ್ಚಾದ ಕಾಂಟ್ಯಾಕ್ಟರನ್ನು ಬಿಡಿಸುತ್ತದೆ. ಮತ್ತೆ ಹಾಕಿಕೊಳ್ಳಲು 195 ದಾಟಿ ಮೂರು ನಿಮಿಷ ನಿಲ್ಲಬೇಕು. ಮೋಟರ್ ಎದ್ದೇಳುವಾಗ ವೋಲ್ಟೇಜ್ ಕ್ಷಣಕಾಲ ಕುಸಿಯುವುದರಿಂದ ಮೊದಲ ಐದು ಸೆಕೆಂಡು ಏನು ಕಂಡರೂ ಸುಮ್ಮನಿರು ಎಂದು ಪ್ರೋಗ್ರಾಮಿನಲ್ಲಿ ಬರೆದಿದ್ದೇನೆ.